ಜ್ವಾಲಾಮುಖಿ ತಣ್ಣಗಾದ ಮೇಲೆ ಊರು ಮತ್ತೆ ಏಳುವುದು ಹೇಗೆ? ಮೆರಾಪಿ ತಪ್ಪಲಿನ ಹಳ್ಳಿಗಳು ಕಂಡುಕೊಂಡ ದಾರಿ

2024ರ ನವೆಂಬರ್‌ನಲ್ಲಿ ಇಂಡೊನೇಷ್ಯಾದ ಲೆವೊಟೊಬಿ ಲಕಿ-ಲಕಿ ಜ್ವಾಲಾಮುಖಿ ಸಿಡಿದು ಬಾಲಿಗೆ ಹೋಗುವ ವಿಮಾನಗಳು ರದ್ದಾದವು. ನಮ್ಮ ದೇಶದಿಂದ ಟಿಕೆಟ್ ಮಾಡಿಸಿಕೊಂಡಿದ್ದವರೂ ಪರದಾಡಿದರು. ಮರುವರ್ಷ ಅದೇ ತಿಂಗಳಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿಯಿತು. ಅದರ ಬೂದಿ ಸಮುದ್ರ ದಾಟಿ ದೆಹಲಿಯ ಆಕಾಶದವರೆಗೂ ಬಂತು. ಎರಡೂ ಸಲ ಇಲ್ಲಿ ಹೆಚ್ಚು ಕೇಳಿಬಂದ ಪ್ರಶ್ನೆ ಒಂದೇ: ವಿಮಾನ ಮತ್ತೆ ಯಾವಾಗ ಹಾರುತ್ತೆ? ಹಾರಿದ ದಿನ ಸುದ್ದಿಯೂ ಮುಗಿಯಿತು.

ಬೆಟ್ಟದ ಬುಡದಲ್ಲಿ ಇರುವವರಿಗೆ ನಿಜವಾದ ಕಷ್ಟ ಶುರುವಾಗುವುದೇ ಆಗ. ಮನೆ ಇದ್ದ ಜಾಗದಲ್ಲಿ ಮನೆ ಇಲ್ಲ. ಹೊಲದ ಮೇಲೆ ಆಳೆತ್ತರ ಕಲ್ಲು ಮರಳು. ಸರ್ಕಾರ "ವಾಪಸ್ ಹೋಗಬೇಡಿ" ಎನ್ನುತ್ತದೆ. ಹೋಗದಿದ್ದರೆ ಹೊಟ್ಟೆಗೇನು? ಹೀಗೆ ಬೂದಿಯಡಿ ಹೂತುಹೋದ ಊರು ಮತ್ತೆ ಎದ್ದು ನಿಲ್ಲಬೇಕಾದರೆ ಯಾರು ಕೂತು ಯೋಚಿಸಬೇಕು, ಏನೇನು ಯೋಚಿಸಬೇಕು? ಜಾವಾ ದ್ವೀಪದ ಮೆರಾಪಿ ಬೆಟ್ಟದ ಹಳ್ಳಿಗಳನ್ನು ಇಟ್ಟುಕೊಂಡು ಇದನ್ನು ಅರ್ಥ ಮಾಡಿಕೊಳ್ಳೋಣ. ಆ ಹಳ್ಳಿಗಳ ಬದುಕು ನಮಗೆ ಅಷ್ಟೇನೂ ದೂರದ್ದಲ್ಲ. ಅಲ್ಲೂ ಹಸು, ಹುಲ್ಲು, ಹಾಲು, ತುಂಡು ಜಮೀನು.

ಬೆಟ್ಟದಿಂದ ಇಳಿದು ಬರುವುದು ಬರೀ ಲಾವಾ ಅಲ್ಲ

ಜ್ವಾಲಾಮುಖಿ ಅಂದ ತಕ್ಷಣ ಕಣ್ಣಿಗೆ ಬರುವುದು ಕೆಂಪಗೆ ಹರಿಯುವ ಲಾವಾ. ಹವಾಯಿಯಲ್ಲಿ ಅದು ನಿಜ. ಮೆರಾಪಿಯಲ್ಲಿ ಹಾಗಲ್ಲ. ಆಲೆಮನೆ ನೋಡಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಹವಾಯಿಯ ಲಾವಾ ಜೋನಿ ಬೆಲ್ಲದ ಥರ, ಸುರಿದರೆ ಹರಿದು ಹೋಗುತ್ತದೆ. ಮೆರಾಪಿಯದು ಅಚ್ಚಿಗೆ ಹಾಕುವ ಹದಕ್ಕೆ ಬಂದ ಪಾಕ. ಹರಿಯಲಾರದೆ ಬೆಟ್ಟದ ತುದಿಯಲ್ಲೇ ಗುಡ್ಡೆ ಬೀಳುತ್ತದೆ. ಗುಡ್ಡೆ ಬೆಳೆದು ಬೆಳೆದು ಒಂದು ದಿನ ಕುಸಿಯುತ್ತದೆ, ಇಲ್ಲವೇ ಒಳಗಿನ ಅನಿಲದ ಒತ್ತಡಕ್ಕೆ ಸಿಡಿಯುತ್ತದೆ. ಆಗ ಬಿಸಿ ಅನಿಲ, ಬೂದಿ, ಕಲ್ಲು ಎಲ್ಲ ಸೇರಿದ ಮೋಡವೊಂದು ಇಳಿಜಾರಿನಲ್ಲಿ ಉರುಳಿ ಬರುತ್ತದೆ. ಅದರ ಬಿಸಿ ನೂರಾರು ಡಿಗ್ರಿ, ವೇಗ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಜಾವಾದ ಜನ ಇದನ್ನು "ವೆಡುಸ್ ಗೆಂಬೆಲ್" ಅಂತ ಕರೆಯುತ್ತಾರೆ. ಹಾಗಂದರೆ ಜಡೆಗಟ್ಟಿದ ಉಣ್ಣೆಯ ಕುರಿ. ದೂರದಿಂದ ನೋಡಿದರೆ ಕುರಿಹಿಂಡು ಬೆಟ್ಟ ಇಳಿದಂತೆ ಕಾಣುತ್ತದೆ. ನಾವು ಈ ಲೇಖನದಲ್ಲಿ ಬಿಸಿಮೋಡ ಎನ್ನೋಣ.

ಎರಡನೆಯದು ಬೂದಿ. ಇದು ಒಲೆಯ ಬೂದಿಯಲ್ಲ. ಕಲ್ಲು ಮತ್ತು ಗಾಜಿನ ಸಣ್ಣ ಸಣ್ಣ ಚೂರು. ನೀರಿನಲ್ಲಿ ಕರಗುವುದಿಲ್ಲ, ಒದ್ದೆಯಾದರೆ ಭಾರ ಜಾಸ್ತಿ. ಮಾಳಿಗೆ ಮೇಲೆ ಒಂದು ಗೇಣಿನ ಅರ್ಧದಷ್ಟು ಒದ್ದೆ ಬೂದಿ ಕೂತರೂ ಪ್ರತಿ ಚದರ ಮೀಟರಿಗೆ 100 ಕೆಜಿ ದಾಟುತ್ತದೆ. ಮರದ ತೊಲೆ ಎಷ್ಟು ತಡೆದೀತು?

ಮೂರನೆಯದು ಲಾಹರ್. ಇದು ಜಾವಾ ಭಾಷೆಯದೇ ಪದ, ಈಗ ಜಗತ್ತಿನ ವಿಜ್ಞಾನಿಗಳೆಲ್ಲ ಬಳಸುತ್ತಾರೆ. ಬೆಟ್ಟದ ಮೇಲೆ ಬಿದ್ದ ಬೂದಿ, ಮರಳು, ಬಂಡೆಗಳು ಮಳೆನೀರಿನ ಜೊತೆ ಸೇರಿ, ಕಲೆಸಿದ ಕಾಂಕ್ರೀಟಿನ ಹಾಗೆ ಹೊಳೆಯಲ್ಲಿ ನುಗ್ಗಿ ಬರುತ್ತವೆ. ಬೆಟ್ಟ ಸುಮ್ಮನಾಗಿ ತಿಂಗಳು, ವರ್ಷ ಕಳೆದ ಮೇಲೂ ಒಂದು ಜೋರು ಮಳೆ ಸಾಕು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಬಿಸಿಮೋಡ ಬರುವ ದಾರಿಯಲ್ಲಿ ಮನೆ ಕಟ್ಟುವಂತಿಲ್ಲ. ಬೂದಿ ಮಾತ್ರ ಬಿದ್ದ ಊರಿನಲ್ಲಿ ಗುಡಿಸಿ, ತೊಳೆದು, ಮತ್ತೆ ಇರಬಹುದು. ಲಾಹರ್ ಹರಿಯುವ ಹೊಳೆ ದಂಡೆಯಲ್ಲಿ ಪ್ರತಿ ಮಳೆಗಾಲವೂ ಎಚ್ಚರವಾಗಿರಬೇಕು. ಒಂದೇ ಬೆಟ್ಟದ ಕೆಳಗಿನ ಮೂರು ಊರಿಗೆ ಮೂರು ಬೇರೆ ಬೇರೆ ಯೋಜನೆ ಬೇಕು. ರಾಜಧಾನಿಯಲ್ಲಿ ಕೂತು ಒಂದೇ ನಕ್ಷೆ ಬರೆದರೆ ನಡೆಯುವುದಿಲ್ಲ.

2010ರಲ್ಲಿ ಆಗಿದ್ದು

ಮೆರಾಪಿ ಇರುವುದು ಯೋಗ್ಯಕರ್ತ ನಗರದಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕೆ. ಕೆಲವು ವರ್ಷಕ್ಕೊಮ್ಮೆ ಕೆರಳುವ ಬೆಟ್ಟ. 2010ರ ಅಕ್ಟೋಬರ್ 26ರ ಸಂಜೆ ಮೊದಲ ಸ್ಫೋಟ. ಆ ದಿನ ಸತ್ತವರಲ್ಲಿ ಮ್ಬಾ ಮರಿಜಾನ್ ಒಬ್ಬರು. ಅವರು ಯೋಗ್ಯಕರ್ತದ ಸುಲ್ತಾನರು ನೇಮಿಸಿದ್ದ ಬೆಟ್ಟದ ಕಾವಲುಗಾರ. ಬೆಟ್ಟಕ್ಕೆ ಪೂಜೆ, ನೈವೇದ್ಯ ಸಲ್ಲಿಸುವುದು ಅವರ ಹೊಣೆ. 2006ರಲ್ಲೂ ಇಳಿದು ಬರಲು ಒಪ್ಪಿರಲಿಲ್ಲ, ಈ ಸಲವೂ ಒಪ್ಪಲಿಲ್ಲ. ಅವರನ್ನು ನಂಬಿ ಉಳಿದ ಕೆಲವರೂ ಜೀವ ಕಳೆದುಕೊಂಡರು.

ಅಪಾಯದ ವಲಯ ಮೊದಲು ಬೆಟ್ಟದ ತುದಿಯಿಂದ 10 ಕಿಲೋಮೀಟರ್ ಇತ್ತು. ಆಮೇಲೆ 15 ಮಾಡಿದರು. ನವೆಂಬರ್ 5ರ ನಡುರಾತ್ರಿ ದೊಡ್ಡ ಸ್ಫೋಟ ಆದಾಗ 20ಕ್ಕೆ ಏರಿಸಿದರು. ಗೆಂಡೋಲ್ ಹೊಳೆಯ ಕಣಿವೆಯಲ್ಲಿ ಬಿಸಿಮೋಡ 15 ಕಿಲೋಮೀಟರಿಗೂ ದೂರ ಬಂದಿತ್ತು. ಒಟ್ಟು 350ಕ್ಕೂ ಹೆಚ್ಚು ಜನ ಸತ್ತರು. ಸುಮಾರು 4 ಲಕ್ಷ ಜನ ಮನೆ ಬಿಟ್ಟು ಓಡಿದರು. ಮಗುವೊಹಾರ್ಜೊ ಫುಟ್ಬಾಲ್ ಸ್ಟೇಡಿಯಮ್ಮಿನ ಮೆಟ್ಟಿಲುಗಳ ಕೆಳಗೆಲ್ಲ ಚಾಪೆ ಹಾಸಿ ಮಲಗಿದರು. ವಿಜ್ಞಾನಿಗಳು ಸಕಾಲಕ್ಕೆ ಎಚ್ಚರಿಸಿದ್ದರಿಂದ 10,000ದಿಂದ 20,000 ಜೀವ ಉಳಿಯಿತು ಎಂಬ ಅಂದಾಜಿದೆ.

ತಪ್ಪಲಿನ ಪೆತುಂಗ್ ಎಂಬ ಕೇರಿಯಲ್ಲಿ ಒಂದು ಕುಟುಂಬ ತನ್ನ ಸುಟ್ಟುಹೋದ ಮನೆಯನ್ನೇ ಸಣ್ಣ ಮ್ಯೂಸಿಯಂ ಮಾಡಿದೆ. ಅಲ್ಲಿ ಬಿಸಿಗೆ ಸೊಟ್ಟಗಾದ ಗೋಡೆ ಗಡಿಯಾರವಿದೆ. ಮುಳ್ಳು 12 ಗಂಟೆ 5 ನಿಮಿಷಕ್ಕೆ ನಿಂತಿದೆ. ಪಕ್ಕದಲ್ಲಿ ಕರಗಿದ ಗಾಜಿನ ಲೋಟ, ಬರೀ ಅಸ್ಥಿಪಂಜರವಾದ ಬೈಕು, ಹಸುವಿನ ಎಲುಬುಗಳು. ಮ್ಯೂಸಿಯಮ್ಮಿನ ಹೆಸರು "ಸಿಸಾ ಹರ್ತಾಕು". ಸಿಸಾ ನಮ್ಮ "ಶೇಷ", ಹರ್ತಾ ನಮ್ಮ "ಅರ್ಥ", ಅಂದರೆ ಆಸ್ತಿ. ನನ್ನ ಆಸ್ತಿಯಲ್ಲಿ ಉಳಿದದ್ದು ಇಷ್ಟು ಅಂತ.

ಪರಿಹಾರ ಬೇರೆ, ಚೇತರಿಕೆ ಬೇರೆ

ನೆರೆ ಬಂದಾಗ ನಮ್ಮಲ್ಲಿ ಗಂಜಿ ಕೇಂದ್ರ ತೆರೆಯುತ್ತಾರಲ್ಲ, ಅದು ಪರಿಹಾರ. ಊಟ, ಹೊದಿಕೆ, ಔಷಧಿ. ದಿನಗಳ ಲೆಕ್ಕದ ಕೆಲಸ. ಚೇತರಿಕೆ ಎಂದರೆ ಆ ಕೇಂದ್ರದಿಂದ ಎದ್ದು ಹೋದವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವವರೆಗಿನ ದಾರಿ. ಅದು ವರ್ಷಗಳ ಲೆಕ್ಕ. ಮನೆ ಅದರಲ್ಲಿ ಒಂದು ಭಾಗ ಮಾತ್ರ. ದುಡಿಮೆ, ಶಾಲೆ, ನೀರು, ಜಮೀನಿನ ಕಾಗದ, ನೆರೆಹೊರೆ, ಮುಂದಿನ ಸಲ ಓಡುವ ದಾರಿ, ಎಲ್ಲ ಸೇರಿದರೆ ಚೇತರಿಕೆ.

ಮೆರಾಪಿಯಲ್ಲಿ ಇದು ಎರಡು ಹಂತದಲ್ಲಿ ನಡೆಯಿತು. ಮೊದಲು "ಹುಂತಾರಾ", ಅಂದರೆ ತಾತ್ಕಾಲಿಕ ಮನೆ. ಬಿದಿರಿನ ತಟ್ಟಿ ಗೋಡೆ ಕಟ್ಟಿ ಸಾಲಾಗಿ ನಿಲ್ಲಿಸಿದ ಗುಡಿಸಲುಗಳು. ಆಮೇಲೆ "ಹುಂತಾಪ್", ಕಾಯಂ ಮನೆ. ನಡುವಿನ ಕಾಲ ಸುಮ್ನೆ ಕಾಯುವ ಕಾಲವಾಗಲಿಲ್ಲ. ಎಲ್ಲಿಗೆ ಹೋಗಬೇಕು, ಯಾರ ಪಕ್ಕ ಯಾರಿರಬೇಕು, ದನ ಎಲ್ಲಿ ಕಟ್ಟಬೇಕು ಎಂಬ ಮಾತುಕತೆ ನಡೆದದ್ದು ಈ ಬಿದಿರು ಮನೆಗಳ ಅಂಗಳದಲ್ಲೇ.

ಹಸು ಬಿಟ್ಟು ಜನ ಬರುವುದಿಲ್ಲ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏಕೆಂದರೆ ಯೋಜನೆ ಬರೆಯುವವರು ಮರೆಯುವುದು ಇದನ್ನೇ.

ಮೆರಾಪಿಯ ಮೇಲಿನ ಹಳ್ಳಿಗಳಲ್ಲಿ ಮನೆಗೆ ಎರಡೋ ಮೂರೋ ಹಾಲಿನ ಹಸು. ಬೆಟ್ಟದ ತಂಪು, ಎಲ್ಲೆಲ್ಲೂ ಹುಲ್ಲು. ಹಾಲು ಮಾರಿ ದಿನದ ಖರ್ಚು. ಮದುವೆ, ಕಾಯಿಲೆ, ಮಗನ ಓದು ಅಂತ ದೊಡ್ಡ ಖರ್ಚು ಬಂದರೆ ಒಂದು ಹಸು ಮಾರುವುದು. ಅವರ ಪಾಲಿಗೆ ಕೊಟ್ಟಿಗೆಯೇ ಬ್ಯಾಂಕು.

2010ರಲ್ಲಿ ಜನರನ್ನು ಲಾರಿ ಹತ್ತಿಸಿ ಕೆಳಗೆ ತಂದರು. ಹಸುಗಳು ಕೊಟ್ಟಿಗೆಯಲ್ಲೇ ಉಳಿದವು. ಮರುದಿನ ಬೆಳಗ್ಗೆ ಗಂಡಸರು ಮತ್ತೆ ಮೇಲಕ್ಕೆ ಹೊರಟರು, ಹುಲ್ಲು ಹಾಕಿ ಹಾಲು ಕರೆದು ಬರುತ್ತೇವೆ ಅಂತ. ಪೊಲೀಸರು ತಡೆದರೆ ಬೇರೆ ದಾರಿ ಹಿಡಿದರು. ಹೊರಗಿನವರಿಗೆ ಇದು ಹಟ ಅನ್ನಿಸಿತು. ಕಟ್ಟಿದ ಹಸು ಹಸಿದು ಕೂಗುತ್ತಿರುವಾಗ ಕೂಳು ಗಂಟಲಲ್ಲಿ ಇಳಿಯುತ್ತಾ? ದನ ಕಟ್ಟಿದ ಯಾವ ಮನೆಯವರನ್ನು ಬೇಕಾದರೂ ಕೇಳಿ. ಆಮೇಲೆ ಅಧ್ಯಕ್ಷ ಸುಸಿಲೊ ಬಂಬಾಂಗ್ ಯುಧೊಯೊನೊ ಅವರ ಸರ್ಕಾರ, ಅಪಾಯದ ವಲಯದ ದನಗಳನ್ನು ಸರ್ಕಾರವೇ ಕೊಳ್ಳುತ್ತದೆ, ಸತ್ತ ದನಕ್ಕೂ ದುಡ್ಡು ಕೊಡುತ್ತದೆ ಎಂದು ಹೇಳಬೇಕಾಯಿತು. ಆ ಸಲ ಒಟ್ಟು ಸಾವಿರಕ್ಕೂ ಹೆಚ್ಚು ಹಸುಗಳು ಸತ್ತವು.

ಈ ಪಾಠ ಹೊಸ ಬಡಾವಣೆಗಳ ನಕ್ಷೆಯಲ್ಲಿ ಕಾಣುತ್ತದೆ. ಮನೆಗಳ ಸಾಲಿನಿಂದ ಸ್ವಲ್ಪ ದೂರದಲ್ಲಿ ಎಲ್ಲರಿಗೂ ಸೇರಿದ ಸಾಮೂಹಿಕ ಕೊಟ್ಟಿಗೆ. ಚಿಕ್ಕ ಸೈಟುಗಳಲ್ಲಿ ಮನೆ ಹಿಂದೆ ದನ ಕಟ್ಟಲು ಜಾಗವಿಲ್ಲ, ಸಗಣಿ ಗಂಜಲದ ವಾಸನೆಗೆ ಅಕ್ಕಪಕ್ಕದವರ ಜೊತೆ ಜಗಳ ಬೇಡ ಅಂತ. ತೊಂದರೆ ಪೂರ್ತಿ ತೀರಿತು ಎನ್ನುವಂತಿಲ್ಲ. ಹುಲ್ಲು ಬೆಳೆಯುವುದು ಮೇಲೆ, ಹಸು ಇರುವುದು ಕೆಳಗೆ. ಬೈಕಿನ ಹಿಂದೆ ತಮಗಿಂತ ದೊಡ್ಡ ಹುಲ್ಲಿನ ಹೊರೆ ಕಟ್ಟಿಕೊಂಡು ಹಳೆಯ ಊರಿಗೂ ಹೊಸ ಊರಿಗೂ ಓಡಾಡುವುದು ಅಲ್ಲಿನವರ ದಿನಚರಿಯಾಯಿತು.

ನಾಲ್ಕು ಚದರದ ಮನೆ, ಹತ್ತಾರು ಮನೆಯವರ ಲೆಕ್ಕ

ಇನ್ನು ಮನೆ ಕಟ್ಟಿದ ಬಗೆ. ಗುತ್ತಿಗೆದಾರರಿಗೆ ಕೊಟ್ಟು, ಬೀಗದ ಕೈ ಹಂಚುವುದು ಸುಲಭದ ದಾರಿ. ಮೆರಾಪಿಯಲ್ಲಿ "ರೆಕೊಂಪಾಕ್" ಎಂಬ ಪದ್ಧತಿ ಹಿಡಿದರು. ಸಮುದಾಯವೇ ಮುಂದೆ ನಿಂತು ಮಾಡುವ ಮರುನಿರ್ಮಾಣ ಎಂಬುದರ ಚುಟುಕು ಹೆಸರು ಅದು. 2006ರ ಮೇ 27ರಂದು ಯೋಗ್ಯಕರ್ತದಲ್ಲಿ ಭೂಕಂಪವಾಗಿ 5,700ಕ್ಕೂ ಹೆಚ್ಚು ಜನ ಸತ್ತಿದ್ದರು. ಆಗ ವಿಶ್ವಬ್ಯಾಂಕ್ ನೋಡಿಕೊಳ್ಳುತ್ತಿದ್ದ ನಿಧಿಯ ಹಣದಲ್ಲಿ ಈ ಪದ್ಧತಿ ಅಲ್ಲಿ ಬೇರೂರಿತ್ತು. ಅನುಭವ ಇದ್ದ ಮೇಸ್ತ್ರಿಗಳೂ, ಲೆಕ್ಕ ಬರೆಯಬಲ್ಲ ಹಳ್ಳಿಯವರೂ, ಸಭೆ ನಡೆಸಬಲ್ಲ ಕಾರ್ಯಕರ್ತರೂ ಸುತ್ತಮುತ್ತಲೇ ಇದ್ದರು.

ಕೆಲಸ ಹೀಗೆ ಸಾಗುತ್ತದೆ. ಅಕ್ಕಪಕ್ಕದ ಹತ್ತಾರು ಕುಟುಂಬಗಳು ಒಂದು ಗುಂಪಾಗುತ್ತವೆ. ನಮ್ಮ ಸ್ತ್ರೀಶಕ್ತಿ ಸಂಘದ ಹಾಗೆ ತಮ್ಮಲ್ಲೇ ಅಧ್ಯಕ್ಷರು, ಲೆಕ್ಕ ನೋಡುವವರು ಅಂತ ಆರಿಸಿಕೊಳ್ಳುತ್ತವೆ. ಹಣ ಗುಂಪಿನ ಖಾತೆಗೆ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಕೆಲಸ ಮುಗಿದಿರಬೇಕು, ಆಗಲೇ ಮುಂದಿನದು. ಸಿಮೆಂಟು, ಕಬ್ಬಿಣ, ಇಟ್ಟಿಗೆ ಒಟ್ಟಿಗೆ ಕೊಂಡರೆ ಅಗ್ಗ. ಒಬ್ಬರ ಮನೆ ಕೆಲಸಕ್ಕೆ ಇನ್ನೊಬ್ಬರು ಕೈಹಾಕುತ್ತಾರೆ. ಇಂಡೊನೇಷ್ಯಾದಲ್ಲಿ ಇದಕ್ಕೆ "ಗೊತೊಂಗ್ ರೊಯೊಂಗ್" ಎನ್ನುತ್ತಾರೆ. ನಾಟಿ, ಕಟಾವಿಗೆ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಹೋಗುತ್ತಿದ್ದುದು ನೆನಪಿದ್ದರೆ ಬೇರೆ ವಿವರಣೆ ಬೇಡ.

ಒಂದು ಕುಟುಂಬಕ್ಕೆ 100 ಚದರ ಮೀಟರ್ ಸೈಟು, 36 ಚದರ ಮೀಟರ್ ಮನೆ, 3 ಕೋಟಿ ಇಂಡೊನೇಷ್ಯಾ ರೂಪಿಯಾ. ನಮ್ಮ ಲೆಕ್ಕಕ್ಕೆ ತಂದರೆ 30-40 ಸೈಟಿಗಿಂತ ಸ್ವಲ್ಪ ಚಿಕ್ಕ ಜಾಗದಲ್ಲಿ ಸುಮಾರು ನಾಲ್ಕು ಚದರದ ಮನೆ, ಆಗಿನ ದರದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಮೊತ್ತ ದೊಡ್ಡದಲ್ಲ. ಅದಕ್ಕೇ ಪ್ರತಿ ಇಟ್ಟಿಗೆಗೂ ಲೆಕ್ಕ. ಭೂಕಂಪ ತಡೆಯುವಂತೆ ಕಂಬ, ತೊಲೆ ಕೂಡಿಸುವ ಕ್ರಮವನ್ನು ಸಹಾಯಕ ಎಂಜಿನಿಯರುಗಳು ತೋರಿಸಿಕೊಟ್ಟರು. ಕೈಯಲ್ಲಿ ಕಾಸು ಕೂಡಿದವರು ಆಮೇಲೆ ಅಡುಗೆಮನೆ, ಜಗಲಿ ಅಂತ ಬೆಳೆಸಿಕೊಂಡರು.

ಜಾಗ ಎಲ್ಲಿಂದ ಬಂತು? ಹೆಚ್ಚಿನ ಕಡೆ ಹಳ್ಳಿಯ ಆಡಳಿತಕ್ಕೆ ಸೇರಿದ ಜಮೀನಿನಿಂದ. ನಮ್ಮ ಗೋಮಾಳದಂತೆ ಊರಿನ ಹೆಸರಲ್ಲಿರುವ ನೆಲ ಅಂದುಕೊಳ್ಳಬಹುದು. ಒಂದು ಕೇರಿಯವರು ಸಾಧ್ಯವಾದಷ್ಟು ಒಂದೇ ಕಡೆ ಇರುವಂತೆ ನೋಡಿಕೊಂಡರು. ಮನೆ ಕಳೆದುಕೊಂಡವರಿಗೆ ಪರಿಚಯದ ದನಿಯೊಂದು ಗೋಡೆಯಾಚೆ ಕೇಳಿಸುವುದು ಸಣ್ಣ ವಿಷಯವಲ್ಲ.

ಮತ್ತೆ ಅಲ್ಲಿಗೇ ಹೋಗಬೇಕೇ?

ಬಿಸಿಮೋಡ ಬಂದ ಹಳ್ಳಿಗಳಲ್ಲಿ ವಾಸ ಬೇಡ ಎಂದು ಸರ್ಕಾರ ತೀರ್ಮಾನಿಸಿತು. ಜನರ ಮೊದಲ ಹೆದರಿಕೆ: ಮನೆ ಕೊಟ್ಟು ನೆಲ ಕಿತ್ತುಕೊಳ್ಳುತ್ತಾರಾ? ಇಲ್ಲಿ ಒಂದು ಮಧ್ಯದ ದಾರಿ ಸಿಕ್ಕಿತು. ಹಳೆಯ ಜಮೀನು ನಿಮ್ಮದೇ. ಹುಲ್ಲು ಕೊಯ್ಯಿರಿ, ಮರ ಬೆಳೆಸಿ, ಬೇಸಾಯ ಮಾಡಿ. ರಾತ್ರಿ ಮಲಗಲು ಕೆಳಗೆ ಬನ್ನಿ. ಈ ಮಾತಿಗೆ ಬಹಳ ಜನ ಒಪ್ಪಿದರು.

ಎಲ್ಲರೂ ಒಪ್ಪಲಿಲ್ಲ. ಗ್ಲಾಗಾಹಾರ್ಜೊ ಗ್ರಾಮದ ಕಲಿತೆಂಗಾ ಲೋರ್, ಕಲಿತೆಂಗಾ ಕಿಡುಲ್, ಸ್ರುನೆನ್ ಎಂಬ ಕೇರಿಗಳವರು ತಮ್ಮ ಜಾಗಕ್ಕೇ ವಾಪಸ್ ಹೋಗಿ, ಸರ್ಕಾರದ ಮನೆ ಇಲ್ಲದೆಯೇ ತಾವೇ ಮನೆ ಎಬ್ಬಿಸಿಕೊಂಡರು. ಅವರನ್ನು ಎಬ್ಬಿಸಿ ಓಡಿಸುವ ಬದಲು ಆಡಳಿತ ಇನ್ನೊಂದು ದಾರಿ ಹಿಡಿಯಿತು. ಇರುವುದಾದರೆ, ಕೂಗಿದ ತಕ್ಷಣ ಇಳಿಯುವ ತಯಾರಿ ಇಟ್ಟುಕೊಂಡಿರಿ ಅಂತ.

ಅಪಾಯ ಗೊತ್ತಿದ್ದೂ ಜನ ಏಕೆ ಹೋಗುತ್ತಾರೆ? ಹಿರಿಯರ ನೆಲ ಎಂಬುದು ಒಂದು ಕಾರಣ. ಇನ್ನೊಂದು ಮಣ್ಣು. ಜ್ವಾಲಾಮುಖಿಯ ಬೂದಿ ಮೊದಲು ಬೆಳೆ ಕೊಲ್ಲುತ್ತದೆ. 2010ರಲ್ಲಿ ತಪ್ಪಲಿನ ಸಲಾಕ್ ಹಣ್ಣಿನ ತೋಟಗಳು ಬೂದಿ ಭಾರಕ್ಕೆ ಮುರಿದು ಬಿದ್ದವು. ಆದರೆ ವರ್ಷಗಳು ಕಳೆದಂತೆ ಅದೇ ಬೂದಿ ಕಳಿತು ಸತ್ವದ ಮಣ್ಣಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆ ಹೊಲ ನೋಡಿ. ಅಲ್ಲಿನ ಕಪ್ಪು ಮಣ್ಣು ಬಹುಪಾಲು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ಕಲ್ಲಾಗಿ, ಕಲ್ಲು ಸವೆದು ಆದದ್ದು. ಬಿಳಿಜೋಳ ತಿನ್ನುವ ನಾವೂ ಹಳೆಯ ಲಾವಾದ ಋಣದಲ್ಲಿದ್ದೇವೆ.

ಇದಕ್ಕೆ ಬೇರೆ ದೇಶಗಳು ಬೇರೆ ಉತ್ತರ ಕಂಡುಕೊಂಡಿವೆ. 2018ರಲ್ಲಿ ಹವಾಯಿಯ ಕಿಲವೇಯ ಉಕ್ಕಿ 700ಕ್ಕೂ ಹೆಚ್ಚು ಮನೆ ಲಾವಾದಡಿ ಹೋದಾಗ, ಬಿಟ್ಟು ಹೋಗಲು ಒಪ್ಪಿದವರ ಜಾಗವನ್ನು ಸ್ಥಳೀಯ ಆಡಳಿತವೇ ಹಳೆಯ ಬೆಲೆ ನೋಡಿ ಕೊಳ್ಳುವ ಯೋಜನೆ ತಂದಿತು. 1973ರಲ್ಲಿ ಐಸ್‌ಲೆಂಡಿನ ಹೇಮಾಯ್ ದ್ವೀಪದವರು ಲಾವಾದ ಮೇಲೆ ಸಮುದ್ರದ ನೀರು ಸುರಿದು ಬಂದರನ್ನು ಉಳಿಸಿಕೊಂಡರು. ಆಮೇಲೆ ಬಹುಪಾಲು ಜನ ವಾಪಸ್ ಬಂದು, ಆರದ ಲಾವಾದ ಕಾವಿನಿಂದಲೇ ವರ್ಷಗಟ್ಟಲೆ ಮನೆ ಬೆಚ್ಚಗಿಟ್ಟುಕೊಂಡರು. ಮೀನುಗಾರಿಕೆಯೇ ಅವರ ಜೀವನ, ಅದಕ್ಕೆ ಬಂದರು ಬೇಕಿತ್ತು.

ಮಳೆ ಬಂದಾಗ ಇನ್ನೊಮ್ಮೆ

ಮೆರಾಪಿಯ ದೊಡ್ಡ ಸ್ಫೋಟವಾದ ಎರಡೇ ತಿಂಗಳಿಗೆ, 2011ರ ಜನವರಿಯಲ್ಲಿ ಪುತಿ ಹೊಳೆಯಲ್ಲಿ ಲಾಹರ್ ಬಂತು. ಜುಮೊಯೊ ಎಂಬಲ್ಲಿ ಮನೆಗಳನ್ನು ನುಂಗಿ, ಯೋಗ್ಯಕರ್ತ–ಮಗೆಲಾಂಗ್ ಹೆದ್ದಾರಿಯನ್ನೇ ಕಡಿದು ಹಾಕಿತು. ಹೊಳೆಗಳಿಗೆ ಅಡ್ಡಲಾಗಿ "ಸಾಬೊ" ಎಂಬ ತಡೆಗೋಡೆಗಳಿವೆ. ಜಪಾನಿನ ನೆರವಿನಿಂದ ಕಲಿತದ್ದು. ಬಂಡೆ ಮರಳನ್ನು ಹಿಡಿದಿಟ್ಟು ನೀರನ್ನು ಮುಂದೆ ಬಿಡುವುದು ಅವುಗಳ ಕೆಲಸ. ತುಂಬಿದ ಮರಳನ್ನು ತೆಗೆದು ಮಾರುವುದು ಎಷ್ಟೋ ಕುಟುಂಬಗಳಿಗೆ ಆಗಿನ ಕೂಲಿಯಾಯಿತು. ಜೀಪಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುಟ್ಟ ಊರು ತೋರಿಸುವುದು ಇನ್ನೊಂದು ದುಡಿಮೆ.

ಹೊಳೆ ಮೇಲಿನವರು ಕೆಳಗಿನವರಿಗೆ ಸುದ್ದಿ ಮುಟ್ಟಿಸುವುದು ಇಲ್ಲಿ ಮುಖ್ಯ. ಅದಕ್ಕೆ ವಾಕಿಟಾಕಿಗಳಿದ್ದವು, ಹಳ್ಳಿಯವರೇ ನಡೆಸುವ ಸಮುದಾಯ ರೇಡಿಯೊಗಳಿದ್ದವು. ಈ ರೇಡಿಯೊಗಳು ಸೇರಿ ಕಟ್ಟಿದ "ಜಾಲಿನ್ ಮೆರಾಪಿ" ಎಂಬ ಜಾಲ 2010ರಲ್ಲಿ ಟ್ವಿಟರ್ ಬಳಸಿ, ಯಾವ ಕೇಂದ್ರಕ್ಕೆ ಊಟ ಬೇಕು, ಎಲ್ಲಿಗೆ ಹಾಲಿನ ಪುಡಿ ಬೇಕು ಅಂತ ಊರವರಿಗೆಲ್ಲ ತಿಳಿಸಿತು.

ಸೋದರ ಹಳ್ಳಿ

2010ರಲ್ಲಿ ಒಂದೇ ಹಳ್ಳಿಯ ಜನ ಹತ್ತಾರು ಕೇಂದ್ರಗಳಿಗೆ ಚದುರಿ ಹೋಗಿದ್ದರು. ಅಜ್ಜಿ ಒಂದು ಕಡೆ, ಮೊಮ್ಮಗ ಇನ್ನೊಂದು ಕಡೆ. ಯಾರು ಬದುಕಿದ್ದಾರೆ ಅಂತ ಲೆಕ್ಕ ಹಾಕುವುದೇ ದೊಡ್ಡ ಕೆಲಸವಾಗಿತ್ತು. ಇದರಿಂದ ಹುಟ್ಟಿದ್ದು ಮಗೆಲಾಂಗ್ ಜಿಲ್ಲೆಯ "ದೇಸ ಬೆರ್ಸೌದಾರ" ಪದ್ಧತಿ. ದೇಸ ಎಂದರೆ ಹಳ್ಳಿ, ಸೌದಾರ ನಮ್ಮ ಸೋದರನೇ. ಸೋದರ ಹಳ್ಳಿ.

ಬೆಟ್ಟದ ಮೇಲಿನ ಒಂದು ಹಳ್ಳಿ, ಕೆಳಗಿನ ಸುರಕ್ಷಿತ ಹಳ್ಳಿಯೊಂದರ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತದೆ. ಬೆಟ್ಟ ಕೆರಳಿದರೆ ನಿಮ್ಮಲ್ಲಿಗೆ ಬರುತ್ತೇವೆ ಅಂತ. ಯಾವ ಕೇರಿಯವರು ಯಾವ ಕಟ್ಟಡಕ್ಕೆ, ಅಡುಗೆ ಎಲ್ಲಿ, ಮಕ್ಕಳು ಯಾವ ಶಾಲೆಯಲ್ಲಿ ಕೂರಬೇಕು ಎಲ್ಲ ಮುಂಚೆಯೇ ತೀರ್ಮಾನ. ಮನೆಮನೆಯ ಪಟ್ಟಿಯಲ್ಲಿ ಬಸುರಿಯರು, ಹಾಸಿಗೆ ಹಿಡಿದವರು, ವಯಸ್ಸಾದವರು ಎಷ್ಟು ಎಂದು ಬರೆದಿಟ್ಟಿರುತ್ತಾರೆ. ಕ್ರಿಂಜಿಂಗ್ ಹಳ್ಳಿಗೆ ದೆಯಾಂಗಾನ್ ಸೋದರ. ಙರ್ಗೊಮುಲ್ಯೊಗೆ ತಮನಾಗುಂಗ್ ಸೋದರ. ಕಷ್ಟದಲ್ಲಿ ಯಾರದೋ ಊರಿಗೆ ಹೋಗಿ ಕೈಚಾಚುವುದಕ್ಕೂ, ನಮ್ಮವರ ಮನೆಗೆ ಹೋಗುತ್ತೇವೆ ಎಂದು ಹೊರಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹತ್ತು ವರ್ಷದ ಮೇಲೆ

2020ರ ನವೆಂಬರ್ 5. ದೊಡ್ಡ ಸ್ಫೋಟ ಆಗಿ ಸರಿಯಾಗಿ ಹತ್ತು ವರ್ಷ. ಮೆರಾಪಿ ಮತ್ತೆ ಅಲುಗಾಡಿತು. ಅಲ್ಲಿ ನಾಲ್ಕು ಹಂತದ ಎಚ್ಚರಿಕೆ ಇದೆ, ಅದನ್ನು ಮೂರನೆಯದಾದ "ಸಿಯಾಗಾ"ಕ್ಕೆ ಏರಿಸಿದರು. ಬೆಟ್ಟ ಇನ್ನೂ ಸಿಡಿದಿರಲಿಲ್ಲ.

ಕ್ರಿಂಜಿಂಗ್‌ನವರು ದೆಯಾಂಗಾನ್‌ಗೆ ಇಳಿದರು. ಕೋವಿಡ್ ಕಾಲ, ಹಾಗಾಗಿ ಸಭಾಂಗಣದೊಳಗೆ ಒಂದೊಂದು ಕುಟುಂಬಕ್ಕೆ ಅಂತ ಅಡ್ಡಗೋಡೆ ನಿಲ್ಲಿಸಿ ಸಣ್ಣ ಸಣ್ಣ ಕೋಣೆ ಮಾಡಿದ್ದರು. ಊರು ಬಿಡಲೊಪ್ಪದ ಕಲಿತೆಂಗಾ ಲೋರ್‌ನವರೂ ಈ ಸಲ ಹಟ ಮಾಡಲಿಲ್ಲ. ಮೊದಲು ವಯಸ್ಸಾದವರು, ಬಸುರಿಯರು, ಮಕ್ಕಳು ಗ್ಲಾಗಾಹಾರ್ಜೊದ ಆಶ್ರಯ ಕೇಂದ್ರಕ್ಕೆ ಬಂದರು. ಅವರ ಹಿಂದೆಯೇ ಲಾರಿಗಳಲ್ಲಿ ಹಸುಗಳು ಬಂದವು. ಅವುಗಳಿಗೆ ಬೇರೆ ಕೊಟ್ಟಿಗೆ ಎಬ್ಬಿಸಿದ್ದರು. ಹಗಲಲ್ಲಿ ಗಂಡಸರು ಮೇಲೆ ಹೋಗಿ ಹುಲ್ಲು ಕೊಯ್ದರು. ಹೊರೆ ಕಟ್ಟಿ ಕತ್ತಲಾಗುವ ಮೊದಲೇ ಇಳಿದು ಬಂದು, ಕೆಳಗಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ತಮ್ಮ ಹಸುಗಳ ಮುಂದೆ ಬಿಚ್ಚಿ ಹಾಕಿದರು.